ಅಮೆರಿಕದ ನರ್ಸಿಂಗ್ ಅಸಿಸ್ಟೆಂಟ್‌ಗಳು: ಎಲ್ಲಿ ಕೆಲಸ ಮಾಡುತ್ತಾರೆ, ಕೆಲವು ಊರುಗಳಲ್ಲಿ ಯಾಕೆ ಸಿಗುವುದಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕೆಲಸಕ್ಕೆ ಸೇರಬೇಕೆಂದಿರುವವರು, ಅಮೆರಿಕದಲ್ಲಿ ಅಪ್ಪ ಅಮ್ಮನ ಆರೈಕೆಗೆ ಜನ ಹುಡುಕುತ್ತಿರುವವರು, ಆರೈಕೆ ಕೇಂದ್ರ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಸರಳವಾದವು ಮೊದಲು, ಲೆಕ್ಕಾಚಾರದವು ಆಮೇಲೆ.

## ಮೊದಲು ತಿಳಿಯಬೇಕಾದದ್ದು

ಸಿಎನ್‌ಎ (ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್) ಅಂದರೆ ನಮ್ಮ ಆಸ್ಪತ್ರೆಗಳ ಆಯಾ, ವಾರ್ಡ್ ಬಾಯ್ ತರಹದವರೇ?

ಮೇಲ್ನೋಟಕ್ಕೆ ಕೆಲಸ ಹೋಲುತ್ತದೆ. ಸ್ನಾನ ಮಾಡಿಸುವುದು, ಶೌಚಕ್ಕೆ ಕರೆದೊಯ್ಯುವುದು, ಊಟ ಮಾಡಿಸುವುದು, ಹಾಸಿಗೆಯಿಂದ ಗಾಲಿಕುರ್ಚಿಗೆ ಇಳಿಸುವುದು, ಬೆನ್ನು ಹುಣ್ಣಾಗದಂತೆ ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುವುದು ಎಲ್ಲ ಅವರದೇ. ಜೊತೆಗೆ ನಾಡಿ, ಉಸಿರು, ಬಿಪಿ, ಜ್ವರ ನೋಡಿ ಬರೆದಿಡಬೇಕು. ಎಷ್ಟು ನೀರು ಕುಡಿದರು, ಎಷ್ಟು ಮೂತ್ರ ಹೋಯಿತು ಎಂಬ ಲೆಕ್ಕ ಇಡಬೇಕು. ನಿನ್ನೆ ಇಲ್ಲದ ಕೆಂಪು ಕಲೆ ಇವತ್ತು ಹಿಮ್ಮಡಿಯ ಮೇಲೆ ಕಂಡರೆ ನರ್ಸ್‌ಗೆ ಮೊದಲು ಹೇಳುವವರು ಇವರೇ.

ವ್ಯತ್ಯಾಸ ಇರುವುದು ಕಾನೂನಿನಲ್ಲಿ. 1987ರಲ್ಲಿ ಅಮೆರಿಕದ ಸಂಸತ್ತು ನರ್ಸಿಂಗ್ ಹೋಮ್ (ಅಲ್ಲಿ ಅದು ವಯಸ್ಸಾದವರು ಉಳಿದುಕೊಳ್ಳುವ ಆರೈಕೆ ಕೇಂದ್ರ) ಸುಧಾರಣೆಯ ಕಾನೂನು ತಂದಿತು. ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ಅಥವಾ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಹಣ ಪಡೆಯುವ ನರ್ಸಿಂಗ್ ಹೋಮ್‌ನಲ್ಲಿ ಈ ಕೆಲಸ ಮಾಡುವವರಿಗೆ ಕನಿಷ್ಠ 75 ಗಂಟೆ ತರಬೇತಿ, ಪರೀಕ್ಷೆ ಮತ್ತು ರಾಜ್ಯದ ನೋಂದಣಿ ಪಟ್ಟಿಯಲ್ಲಿ ಹೆಸರು ಅಂದಿನಿಂದ ಕಡ್ಡಾಯ. ಔಷಧಿ ಕೊಡುವುದು ಇವರ ಕೆಲಸವಲ್ಲ. ಕೆಲವು ರಾಜ್ಯಗಳಲ್ಲಿ ಇನ್ನೊಂದು ತರಬೇತಿ ಮುಗಿಸಿ 'ಮೆಡಿಕೇಶನ್ ಏಡ್' ಆದವರು ಮಾತ್ರ ಕೊಡಬಹುದು.

ಜಾಹೀರಾತಿನಲ್ಲಿ ಎಸ್‌ಟಿಎನ್‌ಎ, ಎಲ್‌ಎನ್‌ಎ, ಜಿಎನ್‌ಎ ಅಂತೆಲ್ಲ ಇದೆ. ಎಲ್ಲ ಒಂದೇನಾ?

ಹೆಚ್ಚುಕಡಿಮೆ ಒಂದೇ. ಒಹಾಯೋದಲ್ಲಿ ಎಸ್‌ಟಿಎನ್‌ಎ, ನ್ಯೂ ಹ್ಯಾಂಪ್‌ಶೈರ್ ಮತ್ತು ವರ್ಮಾಂಟ್‌ನಲ್ಲಿ ಎಲ್‌ಎನ್‌ಎ, ಮೇರಿಲ್ಯಾಂಡ್‌ನ ನರ್ಸಿಂಗ್ ಹೋಮ್‌ಗಳಲ್ಲಿ ಜಿಎನ್‌ಎ. ಆಸ್ಪತ್ರೆಗಳು ಪಿಸಿಟಿ (ಪೇಷೆಂಟ್ ಕೇರ್ ಟೆಕ್ನಿಷಿಯನ್) ಎಂದೂ ಕರೆಯುತ್ತವೆ. ಅಲ್ಲಿ ರಕ್ತ ತೆಗೆಯುವುದು, ಇಸಿಜಿ ಮಾಡುವುದು ಸೇರಿಕೊಂಡಿರಬಹುದು. 'ಸಿಎನ್‌ಎ' ಎಂದು ಮಾತ್ರ ಹುಡುಕಿದರೆ ಇಂಥ ಜಾಗಗಳ ಅರ್ಧಕ್ಕರ್ಧ ಕೆಲಸಗಳು ಕಣ್ಣಿಗೇ ಬೀಳುವುದಿಲ್ಲ.

ಹೆಚ್ಚಿನವರು ಕೆಲಸ ಮಾಡುವುದು ಎಲ್ಲಿ? ಆಸ್ಪತ್ರೆಯಲ್ಲಿ ತಾನೇ?

ಅಲ್ಲ. ಅಮೆರಿಕದಲ್ಲಿ ಸುಮಾರು 14 ಲಕ್ಷ ನರ್ಸಿಂಗ್ ಅಸಿಸ್ಟೆಂಟ್‌ಗಳಿದ್ದಾರೆ. ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿ ಇರುವುದು ನರ್ಸಿಂಗ್ ಹೋಮ್‌ಗಳಲ್ಲಿ. ಕನ್ನಡದಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆಯೋ ಆಪರೇಷನ್ನೋ ಆಗುವ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಹಾಗಲ್ಲ, ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದ ವಯಸ್ಸಾದವರು ತಿಂಗಳು, ವರ್ಷಗಟ್ಟಲೆ ಇರುವ ಜಾಗ ಅದು. ಈ ಬರಹದಲ್ಲಿ ಆ ಪದ ಬಂದಲ್ಲೆಲ್ಲ ಅದೇ ಅರ್ಥ.

ಆಸ್ಪತ್ರೆಗಳಲ್ಲಿ ಮೂರರಲ್ಲೊಂದು ಪಾಲಿನ ಆಸುಪಾಸು. ಅಸಿಸ್ಟೆಡ್ ಲಿವಿಂಗ್ (ದಿನನಿತ್ಯದ ಕೆಲಸಕ್ಕೆ ಸ್ವಲ್ಪ ನೆರವು ಬೇಕಾದವರ ವಸತಿ) ಮತ್ತು ನಿವೃತ್ತರ ಸಮುಚ್ಚಯಗಳಲ್ಲಿ ಹತ್ತರಲ್ಲೊಂದು ಪಾಲು. ಉಳಿದವರು ಮನೆ ಆರೈಕೆ, ಹಾಸ್ಪೀಸ್ (ಕೊನೆಗಾಲದ ಆರೈಕೆ), ಮಾಜಿ ಸೈನಿಕರ ಇಲಾಖೆಯ ಆರೈಕೆ ಕೇಂದ್ರಗಳು ಮತ್ತು ಸಿಬ್ಬಂದಿ ಪೂರೈಸುವ ಏಜೆನ್ಸಿಗಳಲ್ಲಿ ಹಂಚಿಹೋಗಿದ್ದಾರೆ.

ಅಸಿಸ್ಟೆಡ್ ಲಿವಿಂಗ್‌ನಲ್ಲಿ ಇರುವವರೆಲ್ಲ ಸಿಎನ್‌ಎಗಳೇ?

ಇರಬೇಕೆಂದಿಲ್ಲ. ಕೇಂದ್ರ ಸರ್ಕಾರದ 75 ಗಂಟೆಯ ನಿಯಮ ಅಸಿಸ್ಟೆಡ್ ಲಿವಿಂಗ್‌ಗೆ ಅನ್ವಯಿಸುವುದಿಲ್ಲ. ಅಲ್ಲಿ ಆಯಾ ರಾಜ್ಯ ಹೇಳಿದ್ದೇ ನಿಯಮ. ಹೆತ್ತವರನ್ನು ಸೇರಿಸುವ ಮುಂಚೆ ಎರಡು ಪ್ರಶ್ನೆ ಕೇಳಿ: ರಾತ್ರಿ ಪಾಳಿಯಲ್ಲಿ ಎಷ್ಟು ಜನ ಎಚ್ಚರವಾಗಿರುತ್ತಾರೆ? ಅವರಲ್ಲಿ ಎಷ್ಟು ಮಂದಿ ನೋಂದಣಿ ಪಟ್ಟಿಯಲ್ಲಿದ್ದಾರೆ? ಪಟ್ಟಿ ಸಾರ್ವಜನಿಕ, ರಾಜ್ಯದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ಹಿಂಸೆ, ನಿರ್ಲಕ್ಷ್ಯ, ಕಳವು ಸಾಬೀತಾಗಿದ್ದರೆ ಅದೂ ಅಲ್ಲೇ ನಮೂದಾಗಿರುತ್ತದೆ.

ಅಮ್ಮ ಮನೆಯಲ್ಲೇ ಇದ್ದಾರೆ. ದಿನವಿಡೀ ಒಬ್ಬರನ್ನು ಮೆಡಿಕೇರ್ ಕಳಿಸುತ್ತಾ?

ಕಳಿಸುವುದಿಲ್ಲ, ಮತ್ತು ಈ ತಪ್ಪು ತಿಳಿವಳಿಕೆಯಿಂದ ಕುಟುಂಬಗಳು ಬಹಳ ಪೇಚಾಡುತ್ತವೆ. ಮನೆಯಿಂದ ಹೊರಹೋಗುವುದು ಕಷ್ಟವಾಗಿದ್ದು, ನರ್ಸ್ ಅಥವಾ ಥೆರಪಿಸ್ಟ್ ಬರಬೇಕಾದ ಅಗತ್ಯವಿದೆ ಎಂದು ವೈದ್ಯರು ಬರೆದುಕೊಟ್ಟರೆ ಮಾತ್ರ ಅದರ ಜೊತೆಗೆ ಹೋಮ್ ಹೆಲ್ತ್ ಏಡ್ ಬರುತ್ತಾರೆ. ನರ್ಸ್ ಮತ್ತು ಏಡ್ ಇಬ್ಬರ ಸಮಯವೂ ಸೇರಿ ಸಾಮಾನ್ಯವಾಗಿ ವಾರಕ್ಕೆ 28 ಗಂಟೆ ಮಿತಿ. ವಾಸ್ತವದಲ್ಲಿ ಸಿಗುವುದು ವಾರಕ್ಕೆ ಎರಡು ಮೂರು ಭೇಟಿ, ಸ್ನಾನಕ್ಕೆ ಸಾಲುವಷ್ಟು. ದಿನವಿಡೀ ಬೇಕೆಂದರೆ ಸ್ವಂತ ಹಣ, ದೀರ್ಘಾವಧಿ ಆರೈಕೆಯ ವಿಮೆ, ಇಲ್ಲವೇ ಅರ್ಹತೆ ಇದ್ದರೆ ರಾಜ್ಯದ ಮೆಡಿಕೇಡ್ ಯೋಜನೆ. ಮನೆಗೆ ಬರುವವರು ಬಹುಪಾಲು ಹೋಮ್ ಹೆಲ್ತ್ ಏಡ್ ಅಥವಾ ಪರ್ಸನಲ್ ಕೇರ್ ಏಡ್‌ಗಳು. ಅದು ಸಿಎನ್‌ಎಗಿಂತ ಬೇರೆಯೇ ವರ್ಗ, ಸಂಖ್ಯೆಯಲ್ಲಿ ಎರಡು ಪಟ್ಟಿಗೂ ಹೆಚ್ಚು.

## ಊರು, ರಾಜ್ಯ ಬದಲಾದಂತೆ

ತರಬೇತಿ ಎಷ್ಟು ದಿನ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಎಲ್ಲರೂ ಸರಿಯನ್ನೇ ಹೇಳುತ್ತಿರಬಹುದು. ಕೇಂದ್ರ ಹೇಳುವುದು ಕನಿಷ್ಠ 75 ಗಂಟೆ; ಅದರಲ್ಲಿ 16 ಗಂಟೆಯಾದರೂ ಮೇಲ್ವಿಚಾರಣೆಯಲ್ಲಿ ಕೈಯಾರೆ ಮಾಡಿ ಕಲಿಯಬೇಕು. ಅಯೋವಾದಂಥ ರಾಜ್ಯಗಳು 75ಕ್ಕೇ ನಿಂತಿವೆ. ಟೆಕ್ಸಸ್ ಮತ್ತು ನ್ಯೂಯಾರ್ಕ್‌ನಲ್ಲಿ 100, ಇಲಿನಾಯ್‌ನಲ್ಲಿ 120, ಕ್ಯಾಲಿಫೋರ್ನಿಯಾದಲ್ಲಿ 160, ಮೇನ್‌ನಲ್ಲಿ 180. ಹಗಲು ಪೂರ್ತಿ ಕೂತರೆ 75 ಗಂಟೆ ಎರಡು ಮೂರು ವಾರದ ಮಾತು. ಸಂಜೆ ತರಗತಿಯಲ್ಲಿ 160 ಗಂಟೆ ಎಂದರೆ ಮೂರು ತಿಂಗಳೂ ಹಿಡಿಯುತ್ತದೆ. ಫ್ಲಾರಿಡಾದಲ್ಲಿ ತರಬೇತಿ ಇಲ್ಲದೆ ನೇರ ಪರೀಕ್ಷೆಗೆ ಕೂರಲೂ ಅವಕಾಶವಿದೆ.

ಗಂಟೆ ಹೆಚ್ಚಾದರೆ ಕಲಿಕೆ ಗಟ್ಟಿ. ಆದರೆ ಸಂಬಳವಿಲ್ಲದೆ ಅಷ್ಟು ವಾರ ಇರಲಾಗದವರು ದೂರ ಉಳಿಯುತ್ತಾರೆ. ಹಾಗೆಂದು ಗಂಟೆ ಕಡಿಮೆ ಮಾಡುವುದು ಪರಿಹಾರವೆಂದು ನಮಗೆ ಅನಿಸುವುದಿಲ್ಲ. ಕಲಿಯುವಾಗಲೇ ಸಂಬಳ ಕೊಡುವುದು ಪರಿಹಾರ. ಕಾನೂನು ಅದಕ್ಕೆ ಬಾಗಿಲು ತೆರೆದೇ ಇಟ್ಟಿದೆ: ನರ್ಸಿಂಗ್ ಹೋಮ್ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಂಡು 4 ತಿಂಗಳೊಳಗೆ ತರಬೇತಿ, ಪರೀಕ್ಷೆ ಮುಗಿಸಬಹುದು. ಆ ಅವಧಿಯಲ್ಲಿ ಅವರು ಕಲಿತು ತೋರಿಸಿದ ಕೆಲಸಗಳನ್ನು ಮಾತ್ರ ಮಾಡಬಹುದು.

ತರಬೇತಿ ಶುಲ್ಕ ನಾನೇ ಕಟ್ಟಬೇಕಾ?

ತರಬೇತಿ ಶುರುವಾದ ದಿನ ನೀವು ನರ್ಸಿಂಗ್ ಹೋಮ್‌ನ ನೌಕರರಾಗಿದ್ದರೆ ಅಥವಾ ಕೆಲಸದ ಭರವಸೆ ಪಡೆದಿದ್ದರೆ ಶುಲ್ಕ, ಪುಸ್ತಕ, ಪರೀಕ್ಷೆ ಯಾವುದಕ್ಕೂ ನಿಮ್ಮಿಂದ ಹಣ ತೆಗೆದುಕೊಳ್ಳುವಂತಿಲ್ಲ. ನೀವೇ ಕಟ್ಟಿ ಕಲಿತು, ಮುಗಿಸಿದ 12 ತಿಂಗಳೊಳಗೆ ನರ್ಸಿಂಗ್ ಹೋಮ್ ಸೇರಿದರೆ, ಕೆಲಸ ಮಾಡಿದ ಅವಧಿಗೆ ತಕ್ಕಂತೆ ರಾಜ್ಯ ಹಣ ವಾಪಸ್ ಕೊಡುವ ವ್ಯವಸ್ಥೆ ಇರಬೇಕು. ರಸೀದಿ ಕಳೆದುಕೊಂಡವರಿಗೆ ಇದು ಕೈತಪ್ಪುತ್ತದೆ. ಮೊದಲ ದಿನದಿಂದಲೇ ಒಂದು ಲಕೋಟೆಯಲ್ಲಿ ಹಾಕಿಡಿ. ಆಸ್ಪತ್ರೆ ಸೇರಿದವರಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಯಾವ ರಾಜ್ಯಗಳಲ್ಲಿ ಹೆಚ್ಚು ಜನ ಇದ್ದಾರೆ?

ಒಟ್ಟು ಸಂಖ್ಯೆಯಲ್ಲಿ ಕ್ಯಾಲಿಫೋರ್ನಿಯಾ, ಫ್ಲಾರಿಡಾ, ನ್ಯೂಯಾರ್ಕ್, ಟೆಕ್ಸಸ್ ಮುಂದಿವೆ, ಜನಸಂಖ್ಯೆಯೇ ದೊಡ್ಡದು. ಇರುವ ಎಲ್ಲ ಉದ್ಯೋಗಗಳಲ್ಲಿ ಇವರ ಪಾಲು ಎಷ್ಟು ಎಂದು ನೋಡಿದರೆ ಚಿತ್ರ ಬದಲಾಗಿ ನಾರ್ತ್ ಡಕೋಟ, ಸೌತ್ ಡಕೋಟ, ನೆಬ್ರಾಸ್ಕ, ರೋಡ್ ಐಲೆಂಡ್‌ನಂಥವು ಮೇಲೆ ಬರುತ್ತವೆ. ಇವುಗಳಲ್ಲಿ ಬಯಲು ಸೀಮೆಯ ಡಕೋಟ, ನೆಬ್ರಾಸ್ಕ ರಾಜ್ಯಗಳ ಸಣ್ಣ ಸಣ್ಣ ಪಟ್ಟಣಗಳಲ್ಲಿ ಯುವಕರು ನಗರ ಸೇರಿದ್ದಾರೆ, ವಯಸ್ಸಾದವರು ಉಳಿದಿದ್ದಾರೆ, ಪಟ್ಟಣಕ್ಕೊಂದು ನರ್ಸಿಂಗ್ ಹೋಮ್ ಇದೆ. ಹೀಗಾಗಿ ಪಾಲು ಹೆಚ್ಚಿರುವ ಕಡೆಯೇ ಕೊರತೆಯೂ ಇರಬಹುದು.

ಸಂಬಳ ಜಾಸ್ತಿ ಕೊಟ್ಟರೆ ಜನ ಬರುವುದಿಲ್ಲವೇ? ಯಾಕೆ ಕೊಡುವುದಿಲ್ಲ?

ಬರುತ್ತಾರೆ. ಕೊಡಲು ಹಣ ಎಲ್ಲಿಂದ ಬರುತ್ತದೆ ಎಂಬಲ್ಲಿ ಗಂಟು ಬಿದ್ದಿದೆ. ನರ್ಸಿಂಗ್ ಹೋಮ್ ನಿವಾಸಿಗಳಲ್ಲಿ ಹತ್ತರಲ್ಲಿ ಆರು ಮಂದಿಯ ಖರ್ಚು ಭರಿಸುವುದು ಮೆಡಿಕೇಡ್. ಒಬ್ಬರಿಗೆ ದಿನಕ್ಕೆ ಎಷ್ಟು ಎಂಬ ದರ ನಿಗದಿ ಮಾಡುವುದು ರಾಜ್ಯ. ಹೋಟೆಲಿನವರು ಅಡುಗೆಯವರ ಸಂಬಳ ಏರಿಸಿದರೆ ತಿಂಡಿಯ ಬೆಲೆ ಏರಿಸಿಕೊಳ್ಳುತ್ತಾರೆ. ನರ್ಸಿಂಗ್ ಹೋಮ್ ತನ್ನ ಮೆಡಿಕೇಡ್ ದರವನ್ನು ತಾನೇ ಏರಿಸಿಕೊಳ್ಳಲಾಗದು. ರಾಜ್ಯ ಹಲವು ವರ್ಷ ಹಳೆಯ ಖರ್ಚಿನ ವರದಿ ಇಟ್ಟುಕೊಂಡು ದರ ಕಟ್ಟುತ್ತಿದ್ದರೆ ಸಂಬಳವೂ ಅಷ್ಟೇ ಹಿಂದೆ ಬಿದ್ದಿರುತ್ತದೆ. ಬಂದ ಹಣ ಸಿಬ್ಬಂದಿಗೇ ಹೋಗುತ್ತಿದೆಯೇ, ಮಾಲೀಕರದೇ ಇನ್ನೊಂದು ಸಂಸ್ಥೆಗೆ ಬಾಡಿಗೆಯಾಗಿ ಹೋಗುತ್ತಿದೆಯೇ ಎಂಬುದನ್ನೂ ಕೇಳಲೇಬೇಕು.

2023ರಲ್ಲಿ ದೇಶದಲ್ಲಿ ಈ ಕೆಲಸದ ಮಧ್ಯಮ ವೇತನ (ಅರ್ಧ ಜನ ಇದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಪಡೆಯುವ ಮೊತ್ತ) ವರ್ಷಕ್ಕೆ ಸುಮಾರು 38,000 ಡಾಲರ್. ಅಲಾಸ್ಕ, ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಓರೆಗನ್ ಮೇಲಿವೆ; ಲೂಯಿಸಿಯಾನ, ಮಿಸಿಸಿಪ್ಪಿ, ಅಲಬಾಮ ಕೆಳಗಿವೆ. ಆ ಕೊನೆಯ ಮೂರರಲ್ಲಿ ಕನಿಷ್ಠ ವೇತನ ಇವತ್ತಿಗೂ 2009ರಲ್ಲಿ ನಿಗದಿಯಾದ ಕೇಂದ್ರದ 7.25 ಡಾಲರ್. ಗೋದಾಮು, ಸೂಪರ್ ಮಾರ್ಕೆಟ್‌ಗಳು ಗಂಟೆಗೆ ಒಂದೆರಡು ಡಾಲರ್ ಹೆಚ್ಚು ಕೊಟ್ಟರೆ ಸಾಕು, ಬೆನ್ನು ಮುರಿಯುವ ಈ ಕೆಲಸ ಬಿಟ್ಟು ಜನ ಅಲ್ಲಿಗೆ ಹೋಗುತ್ತಾರೆ. ಅವರನ್ನು ದೂರುವಂತಿಲ್ಲ.

ನಮ್ಮ ಕೌಂಟಿಯಲ್ಲಿ (ಅಮೆರಿಕದ ಜಿಲ್ಲೆ) ಕ್ಲಾಸೇ ಇಲ್ಲ. ಕಲಿಯಲು ಜನ ಇದ್ದರೂ ಯಾಕೆ ನಡೆಸುವುದಿಲ್ಲ?

ಕಾರಣಗಳು ಒಂದರ ಬೆನ್ನಿಗೆ ಒಂದು ನಿಂತಿವೆ. ತರಬೇತಿಯ ಹೊಣೆ ಹೊರುವವರು ರಿಜಿಸ್ಟರ್ಡ್ ನರ್ಸ್ ಆಗಿರಬೇಕು, ಕನಿಷ್ಠ 2 ವರ್ಷ ಅನುಭವ, ಅದರಲ್ಲಿ 1 ವರ್ಷ ದೀರ್ಘಾವಧಿ ಆರೈಕೆಯಲ್ಲಿ. ಇಡೀ ಕೌಂಟಿಗೆ ಅಂಥವರು ನಾಲ್ಕೈದು ಮಂದಿ ಇದ್ದರೆ ಎಲ್ಲರೂ ಎಲ್ಲೋ ಪಾಳಿಯಲ್ಲಿರುತ್ತಾರೆ. ಪಾಠ ಹೇಳಿದರೆ ಸಿಗುವುದಕ್ಕಿಂತ ಆಸ್ಪತ್ರೆಯ ಪಾಳಿಯಲ್ಲಿ ಹೆಚ್ಚು ಸಿಗುತ್ತದೆ.

ಇನ್ನು ಅಭ್ಯಾಸಕ್ಕೆ ಜಾಗ. ಅದು ಬಹುತೇಕ ಊರಿನ ನರ್ಸಿಂಗ್ ಹೋಮೇ. ತಪಾಸಣೆಯಲ್ಲಿ ದೊಡ್ಡ ಲೋಪ ಸಿಕ್ಕಿ ನಿಗದಿತ ಮೊತ್ತ ಮೀರಿದ ದಂಡ ಬಿದ್ದರೆ ಅಥವಾ ವಿಸ್ತೃತ ತಪಾಸಣೆ ನಡೆದರೆ, ಆ ನರ್ಸಿಂಗ್ ಹೋಮ್ 2 ವರ್ಷ ತರಬೇತಿ ನಡೆಸುವ ಅನುಮತಿ ಕಳೆದುಕೊಳ್ಳುತ್ತದೆ. ಸಿಬ್ಬಂದಿ ಸಾಲದೆ ಲೋಪವಾಗುತ್ತದೆ, ಲೋಪಕ್ಕೆ ದಂಡ, ದಂಡದಿಂದ ತರಬೇತಿ ಬಂದ್, ಸಿಬ್ಬಂದಿ ಇನ್ನಷ್ಟು ಕಡಿಮೆ. ನಗರದಲ್ಲಾದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಕ್ಲಾಸ್ ಇರುತ್ತದೆ. ಹಳ್ಳಿಗಾಡಿನಲ್ಲಿ ಅದೊಂದೇ ಇದ್ದದ್ದು. ಇದಕ್ಕೆ ವಿನಾಯಿತಿಯ ದಾರಿಯಿದೆ: ಹತ್ತಿರದಲ್ಲಿ ಬೇರೆ ಕ್ಲಾಸ್ ಇಲ್ಲವೆಂದು ತೋರಿಸಿದರೆ, ಕಮ್ಯುನಿಟಿ ಕಾಲೇಜಿನಂಥ ಹೊರಗಿನವರು ಅದೇ ಕಟ್ಟಡದಲ್ಲಿ ತರಬೇತಿ ನಡೆಸಲು ರಾಜ್ಯ ಒಪ್ಪಬಹುದು. ದಂಡದ ಪತ್ರ ಬಂದ ವಾರವೇ ಅರ್ಜಿ ಹಾಕುವುದು ಲೇಸು.

ಕೊನೆಗೆ ಪರೀಕ್ಷೆ. ಬಾಯಿಮಾತಿನ ಅಥವಾ ಬರವಣಿಗೆಯ ಭಾಗ ಒಂದು, ಕೈಕೆಲಸದ ಭಾಗ ಒಂದು. ಹೆಚ್ಚು ಕಡೆ ಕೈಕೆಲಸದಲ್ಲಿ ಐದಾರು ಕೌಶಲ ಮಾಡಿ ತೋರಿಸಬೇಕು. ಸೋಪು ಹಚ್ಚಿ ಕೈ ಉಜ್ಜಿದ್ದು 20 ಸೆಕೆಂಡಿಗಿಂತ ಕಡಿಮೆಯಾದರೆ, ತೊಳೆದ ಕೈಯಲ್ಲೇ ನಲ್ಲಿ ಮುಟ್ಟಿ ನಿಲ್ಲಿಸಿದರೆ, ಗಾಲಿಕುರ್ಚಿಯ ಬ್ರೇಕ್ ಹಾಕದೆ ಎಬ್ಬಿಸಿದರೆ ಆ ಕೌಶಲ ಹೋದಂತೆ. ಇದನ್ನು ನೋಡಿ ಅಂಕ ಕೊಡುವವರೂ ವಯೋವೃದ್ಧರ ಅಥವಾ ದೀರ್ಘ ಕಾಯಿಲೆಯವರ ಆರೈಕೆಯಲ್ಲಿ 1 ವರ್ಷವಾದರೂ ಕೆಲಸ ಮಾಡಿದ ರಿಜಿಸ್ಟರ್ಡ್ ನರ್ಸ್ ಆಗಿರಬೇಕು. ಪರೀಕ್ಷಕರು ತಿಂಗಳಿಗೊಮ್ಮೆ ಬರುವ ಊರಿನಲ್ಲಿ ಒಂದು ಸಲ ತಪ್ಪಿದವರು ಮುಂದಿನ ತಿಂಗಳವರೆಗೆ ಕಾಯಬೇಕು. ಆ ಅವಧಿಯಲ್ಲೇ ಬಹಳ ಮಂದಿ ಬೇರೆ ಕೆಲಸ ಹಿಡಿದುಬಿಡುತ್ತಾರೆ.

ಒಂದು ರಾಜ್ಯದ ಸರ್ಟಿಫಿಕೇಟ್ ಇನ್ನೊಂದರಲ್ಲಿ ನಡೆಯುತ್ತಾ?

ತಾನಾಗಿ ನಡೆಯುವುದಿಲ್ಲ, ವರ್ಗಾವಣೆಗೆ ಅರ್ಜಿ ಹಾಕಬೇಕು. ಹಳೆಯ ರಾಜ್ಯದ ಪಟ್ಟಿಯಲ್ಲಿ ಹೆಸರು ಚಾಲ್ತಿಯಲ್ಲಿರಬೇಕು, ಕಳಂಕ ಇರಬಾರದು. ಬೆರಳಚ್ಚು, ಹಿನ್ನೆಲೆ ತಪಾಸಣೆಗೆ ವಾರಗಳು ಹಿಡಿಯುತ್ತವೆ. 75 ಗಂಟೆ ಕಲಿತವರಿಗೆ ಹೆಚ್ಚು ಗಂಟೆ ಕೇಳುವ ರಾಜ್ಯಗಳಲ್ಲಿ ತೊಡಕಾಗಬಹುದು. ಮನೆ ಬದಲಿಸುವ ಮೊದಲೇ ಅರ್ಜಿ ಹಾಕಿ.

ಮಗುವಾದ ಮೇಲೆ ಮೂರು ವರ್ಷ ಮನೆಯಲ್ಲಿದ್ದೆ. ಸರ್ಟಿಫಿಕೇಟ್ ಉಳಿದಿದೆಯಾ?

ಸತತ 24 ತಿಂಗಳು ಸಂಬಳದ ಶುಶ್ರೂಷೆ ಕೆಲಸ ಮಾಡದಿದ್ದರೆ ಮತ್ತೆ ಪರೀಕ್ಷೆ ಬರೆಯಬೇಕು, ಕೆಲವು ರಾಜ್ಯಗಳಲ್ಲಿ ತರಬೇತಿಯನ್ನೂ ಪಡೆಯಬೇಕು. ಮನೆಯಲ್ಲಿ ಅತ್ತೆ ಮಾವನನ್ನು ನೋಡಿಕೊಂಡದ್ದು, ಅದೆಷ್ಟೇ ಕಷ್ಟದ ಕೆಲಸವಾದರೂ, ಲೆಕ್ಕಕ್ಕಿಲ್ಲ. ಬಿಡುವು ತೆಗೆದುಕೊಳ್ಳುವವರು ಗಡುವಿನ ಮೊದಲು ಕೆಲವು ಪಾಳಿಯಾದರೂ ಸಂಬಳಕ್ಕೆ ಮಾಡಿ, ಅದನ್ನು ಮಾಲೀಕರಿಂದ ನಮೂದು ಮಾಡಿಸಿಕೊಳ್ಳಬೇಕು.

## ಲೆಕ್ಕಕ್ಕೆ ಇಳಿದರೆ

100 ಜನರಿರುವ ನರ್ಸಿಂಗ್ ಹೋಮ್‌ಗೆ ನಿಜಕ್ಕೂ ಎಷ್ಟು ಸಿಎನ್‌ಎ ಬೇಕು?

ಕ್ಯಾಲಿಫೋರ್ನಿಯಾದ ನಿಯಮ ಇಟ್ಟುಕೊಳ್ಳೋಣ: ಪ್ರತಿ ನಿವಾಸಿಗೆ ದಿನಕ್ಕೆ 3.5 ಗಂಟೆ ಶುಶ್ರೂಷೆ, ಅದರಲ್ಲಿ 2.4 ಗಂಟೆ ಸಿಎನ್‌ಎಗಳದು. 100 ಜನಕ್ಕೆ ದಿನಕ್ಕೆ 240 ಗಂಟೆ. ಊಟದ ಅರ್ಧ ಗಂಟೆ ಕಳೆದು ಪಾಳಿಗೆ 7.5 ಗಂಟೆ ಎಂದರೆ ದಿನಕ್ಕೆ 32 ಪಾಳಿ, ವಾರಕ್ಕೆ 224. ಒಬ್ಬರು ವಾರಕ್ಕೆ 5 ಪಾಳಿ ಮಾಡಿದರೆ 45 ಜನ. ರಜೆ, ಕಾಯಿಲೆ, ವರ್ಷಕ್ಕೆ ಕಡ್ಡಾಯವಾದ 12 ಗಂಟೆ ತರಬೇತಿ ಸೇರಿಸಿದರೆ 50.

ಆ 32 ಪಾಳಿಯನ್ನು ಬೆಳಿಗ್ಗೆ 14, ಸಂಜೆ 11, ರಾತ್ರಿ 7 ಎಂದು ಹಂಚಿದರೆ ಬೆಳಿಗ್ಗೆ ಒಬ್ಬರಿಗೆ 7 ನಿವಾಸಿಗಳು. 7ರಿಂದ 9:30ರೊಳಗೆ ಎಲ್ಲರನ್ನೂ ಎಬ್ಬಿಸಿ, ಶುಚಿ ಮಾಡಿ, ಬಟ್ಟೆ ತೊಡಿಸಿ, ತಿಂಡಿಗೆ ಕೂರಿಸಲು ತಲಾ 21 ನಿಮಿಷ. ಮೂವರು ಬರಲಿಲ್ಲ ಎಂದಿಟ್ಟುಕೊಳ್ಳಿ: ಒಬ್ಬರಿಗೆ 9 ಜನ, ತಲಾ 16 ನಿಮಿಷ. ಯಂತ್ರದಿಂದ ಎತ್ತಬೇಕಾದವರಿಗೆ ಇಬ್ಬರು ಬೇಕು, ಎರಡನೆಯವರು ಸಿಗುವವರೆಗೆ ಕಾಯಬೇಕು. ಒಬ್ಬರೇ ಎತ್ತಲು ಹೋದಾಗಲೇ ಬೀಳುವುದು, ಬೆನ್ನು ಹಿಡಿದುಕೊಳ್ಳುವುದು.

50ರಲ್ಲಿ ಅರ್ಧದಷ್ಟು ಮಂದಿ ವರ್ಷದೊಳಗೆ ಬಿಟ್ಟುಹೋಗುವುದು ಈ ರಂಗದಲ್ಲಿ ಅಪರೂಪವಲ್ಲ. ಅಂದರೆ ವರ್ಷಕ್ಕೆ 25 ಹೊಸಬರು. 12 ಜನರ ಬ್ಯಾಚ್‌ನಲ್ಲಿ ಎಲ್ಲರೂ ಪಾಸಾದರೂ ಎರಡು ಬ್ಯಾಚ್‌ಗಿಂತ ತುಸು ಹೆಚ್ಚೇ ಆ ಒಂದೇ ನರ್ಸಿಂಗ್ ಹೋಮ್‌ಗೆ ಬೇಕು.

ನರ್ಸಿಂಗ್ ಹೋಮ್ ಸಿಬ್ಬಂದಿಯ ಗಂಟೆಗಳಿಗೆ ದೇಶಕ್ಕೆಲ್ಲ ಒಂದೇ ಕನಿಷ್ಠ ಸಂಖ್ಯೆ ಬರುತ್ತೆ ಅಂದಿದ್ದರಲ್ಲ, ಏನಾಯಿತು?

2024ರಲ್ಲಿ ಕೇಂದ್ರ ಅಂಥ ನಿಯಮ ಹೊರಡಿಸಿತು: ಪ್ರತಿ ನಿವಾಸಿಗೆ ದಿನಕ್ಕೆ ಒಟ್ಟು 3.48 ಗಂಟೆ, ಅದರಲ್ಲಿ 2.45 ನರ್ಸ್ ಏಡ್‌ಗಳದು (ಸಿಎನ್‌ಎಗಳಿಗೆ ಕೇಂದ್ರ ಬಳಸುವ ಹೆಸರು). 2025ರ ಏಪ್ರಿಲ್‌ನಲ್ಲಿ ಟೆಕ್ಸಸ್‌ನ ಕೇಂದ್ರ ನ್ಯಾಯಾಲಯ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು, ಜುಲೈಯಲ್ಲಿ ಸಂಸತ್ತು ಜಾರಿಯನ್ನು 2034ರವರೆಗೆ ತಡೆಯಿತು. ಹೀಗಾಗಿ ಈಗ ರಾಜ್ಯಕ್ಕೊಂದು ಲೆಕ್ಕ. ನ್ಯೂಯಾರ್ಕ್ ಸಿಎನ್‌ಎಗಳಿಂದ 2.2 ಗಂಟೆ ಕೇಳುತ್ತದೆ. ಫ್ಲಾರಿಡಾ 2022ರಲ್ಲಿ 2.5ರಿಂದ 2.0ಕ್ಕೆ ಇಳಿಸಿತು, ಸಂಖ್ಯೆಯನ್ನೇ ಹೇಳದ ರಾಜ್ಯಗಳೂ ಇವೆ.

ಒಂದು ಊರಿನಲ್ಲಿ ನಿಜವಾಗಿ ಜನ ಸಿಗುತ್ತಾರಾ ಎಂದು ಹೇಗೆ ತಿಳಿಯುವುದು?

ನೋಂದಣಿ ಪಟ್ಟಿಯ ಸಂಖ್ಯೆ ನಂಬಬೇಡಿ. ಪಟ್ಟಿಯಲ್ಲಿರುವವರಲ್ಲಿ ಅದೆಷ್ಟೋ ಮಂದಿ ನರ್ಸಿಂಗ್ ಓದಿಗೆ ಹೋಗಿರುತ್ತಾರೆ, ಬೇರೆ ಕೆಲಸದಲ್ಲಿರುತ್ತಾರೆ. ಸರ್ಟಿಫಿಕೇಟ್ ಇರುವವರು ಬೇರೆ, ನಾಳೆ ಬೆಳಿಗ್ಗೆ 7ಕ್ಕೆ ಬರುವವರು ಬೇರೆ.

ಸಂಬಳ ಕೊಟ್ಟ ಗಂಟೆಗಳನ್ನು ನೋಡಿ. 2016ರಿಂದ ಪ್ರತಿ ನರ್ಸಿಂಗ್ ಹೋಮ್ ತನ್ನ ಸಂಬಳದ ದಾಖಲೆಯ ಗಂಟೆಗಳನ್ನು ಮೂರು ತಿಂಗಳಿಗೊಮ್ಮೆ ಕೇಂದ್ರಕ್ಕೆ ಕೊಡಬೇಕು. ಮೆಡಿಕೇರ್‌ನ 'ಕೇರ್ ಕಂಪೇರ್' ಪುಟದಲ್ಲಿ ಊರಿನ ಹೆಸರು ಹಾಕಿ, ನರ್ಸಿಂಗ್ ಹೋಮ್ ಆರಿಸಿ, ಸಿಬ್ಬಂದಿ ವಿಭಾಗ ತೆರೆದರೆ ಪ್ರತಿ ನಿವಾಸಿಗೆ ನರ್ಸ್ ಏಡ್ ಗಂಟೆ, ಶನಿವಾರ ಭಾನುವಾರದ ಗಂಟೆ, ವರ್ಷದಲ್ಲಿ ಬಿಟ್ಟುಹೋದವರ ಪ್ರಮಾಣ ಕಾಣುತ್ತದೆ. ವಾರಾಂತ್ಯದ ಸಂಖ್ಯೆ ತೀರಾ ಇಳಿದಿದ್ದರೆ ಬದಲಿ ಸಿಬ್ಬಂದಿ ಇಲ್ಲವೆಂದು ಅರ್ಥ. ಇನ್ನೂ ಆಳಕ್ಕೆ ಹೋಗುವವರು ದಿನವಹಿ ಕಡತ ಇಳಿಸಿಕೊಂಡು ಸಿಎನ್‌ಎ ಗಂಟೆಗಳಲ್ಲಿ ಏಜೆನ್ಸಿಯ ಪಾಲು ಎಷ್ಟೆಂದು ಭಾಗಿಸಿ ನೋಡಬಹುದು. ಆ ಪಾಲು ಪ್ರತಿ ತ್ರೈಮಾಸಿಕಕ್ಕೂ ಏರುತ್ತಿದ್ದರೆ ಊರಿನಲ್ಲಿ ಜನ ಮುಗಿದಿದ್ದಾರೆ.

ಖುದ್ದಾಗಿ ಹೋದರೆ ಬಾಗಿಲ ಬಳಿ ಅಂದಿನ ಸಿಬ್ಬಂದಿಯ ಹಾಳೆ ಅಂಟಿಸಿರುತ್ತಾರೆ. ಕಾನೂನಿನ ಪ್ರಕಾರ ಪ್ರತಿ ಪಾಳಿಯ ಆರಂಭದಲ್ಲಿ ಹಾಕಲೇಬೇಕು. ಹಾಳೆಯಲ್ಲಿ ಮೊನ್ನೆಯ ತಾರೀಖು ಇದ್ದರೆ ಕಾರಣ ಕೇಳಿ.

ಏಜೆನ್ಸಿಯಿಂದ ಕರೆಸಿದರೆ ಕೊರತೆ ತೀರುವುದಿಲ್ಲವೇ?

ಆ ದಿನದ ಪಾಳಿ ತುಂಬುತ್ತದೆ. ಪಕ್ಕದಲ್ಲೇ ಅದೇ ಕೆಲಸ ಮಾಡುವ ಕಾಯಂ ನೌಕರರು ತಮಗಿಂತ ಏಜೆನ್ಸಿಯವರಿಗೆ ಹೆಚ್ಚು ಸಿಗುವುದು ಕಂಡು ತಾವೂ ಏಜೆನ್ಸಿ ಸೇರುತ್ತಾರೆ. ಮಿನೆಸೋಟ, ಮ್ಯಾಸಚೂಸೆಟ್ಸ್ ರಾಜ್ಯಗಳು ನರ್ಸಿಂಗ್ ಹೋಮ್‌ಗಳಿಂದ ಏಜೆನ್ಸಿ ಪಡೆಯಬಹುದಾದ ದರಕ್ಕೆ ಮಿತಿ ಹಾಕಿವೆ. ಮರೆವಿನ ಕಾಯಿಲೆ ಇರುವವರಿಗೆ ದಿನಕ್ಕೊಂದು ಹೊಸ ಮುಖ ಬಂದು ಬಟ್ಟೆ ಬಿಚ್ಚುವುದು ಎಷ್ಟು ಭಯ ಹುಟ್ಟಿಸುತ್ತದೆ ಎಂಬುದು ಯಾವ ಲೆಕ್ಕದ ಹಾಳೆಯಲ್ಲೂ ಬರುವುದಿಲ್ಲ.

ಭಾರತದಿಂದ ಸಿಎನ್‌ಎ ಕೆಲಸಕ್ಕೆ ವೀಸಾ ಸಿಗುತ್ತಾ? ನಾನು ಎಚ್-4ನಲ್ಲಿ (ಎಚ್-1ಬಿ ಕೆಲಸಗಾರರ ಸಂಗಾತಿಯ ವೀಸಾ) ಇಲ್ಲೇ ಇದ್ದರೆ?

ಈ ಕೆಲಸಕ್ಕೆ ಎಚ್-1ಬಿ ಇಲ್ಲ. ಇರುವ ಕಾಯಂ ದಾರಿ ಇಬಿ-3ರ (ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ನ ಒಂದು ವಿಭಾಗ) 'ಇತರ ಕೆಲಸಗಾರರು' ವರ್ಗ. ಕಾನೂನಿನಲ್ಲಿ ವರ್ಷಕ್ಕೆ 10,000 ಎಂದಿದ್ದರೂ ಇನ್ನೊಂದು ಕಾಯಿದೆಯಿಂದ ಅದರಲ್ಲಿ ಒಂದಷ್ಟು ಕಡಿತವಾಗಬಹುದು, ಅದೂ ಜಗತ್ತಿಗೆಲ್ಲ ಸೇರಿ. ಭಾರತೀಯರ ಸರದಿ ಹತ್ತು ವರ್ಷಕ್ಕೂ ಉದ್ದ. ರಿಜಿಸ್ಟರ್ಡ್ ನರ್ಸ್‌ಗಳಿಗೆ ಕಾರ್ಮಿಕ ಇಲಾಖೆಯ ಮಾರುಕಟ್ಟೆ ಪರೀಕ್ಷೆಯಿಂದ (ಅಮೆರಿಕದಲ್ಲೇ ಜನ ಸಿಗುತ್ತಿಲ್ಲವೆಂದು ತೋರಿಸುವುದು) ವಿನಾಯಿತಿ ಇದೆ, ಸಿಎನ್‌ಎಗಳಿಗೆ ಇಲ್ಲ. 'ಆರು ತಿಂಗಳಲ್ಲಿ ಸಿಎನ್‌ಎ ವೀಸಾ' ಎಂದು ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಎಚ್-4ನಲ್ಲಿರುವವರು ತರಬೇತಿ ಪಡೆಯಬಹುದು, ಆದರೆ ಕೆಲಸಕ್ಕೆ ಇಎಡಿ ಕಾರ್ಡ್ (ಕೆಲಸದ ಅನುಮತಿ ಪತ್ರ) ಬೇಕೇ ಬೇಕು. ಕಾರ್ಡ್ ಬರುವುದು ತಡವಾಗುವಂತಿದ್ದರೆ ತರಬೇತಿಯನ್ನೂ ಮುಂದೂಡಿ: ಕಲಿತು ಮುಗಿಸಿದವರಿಗೆ ಪರೀಕ್ಷೆ ಬರೆಯಲು ರಾಜ್ಯ ಗಡುವು ಇಟ್ಟಿರುತ್ತದೆ, ಪಾಸಾದ ಮೇಲೆ ಆ 24 ತಿಂಗಳ ಗಡಿಯಾರವೂ ಓಡುತ್ತಿರುತ್ತದೆ.